ಹಿಡಿತ ಬಿಡುವ ಮುನ್ನ ಒಂದು ಮಾತು

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಕಾಡಿನ ನಡುವೆ ಏರಿಳಿಯುತ್ತ ಸಾಗುವ ನಾರ್ಡ್‌ಶ್ಲೈಫೆ ಎಂಬ ಹಳೆಯ ರೇಸ್ ಟ್ರ್ಯಾಕ್ ಇದೆ. ಒಂದು ಸುತ್ತು ಎಂದರೆ 20.8 ಕಿ.ಮೀ. 2024ರಲ್ಲಿ ಯೋರ್ಗ್ ಬರ್ಗ್‌ಮೈಸ್ಟರ್ ಎಂಬ ಅನುಭವಿ ಚಾಲಕ ಅಲ್ಲಿ ಪೋರ್ಷೆ ಕರೇರಾ ಜಿಟಿ ಕಾರಿನಲ್ಲಿ 7 ನಿಮಿಷ 12.69 ಸೆಕೆಂಡಿಗೆ ಸುತ್ತು ಮುಗಿಸಿದರು. ಆ ಮಾದರಿ ಹೊಸದಾಗಿ ಬಂದಿದ್ದಾಗ, ಅಂದರೆ ಇಪ್ಪತ್ತು ವರ್ಷ ಹಿಂದೆ, ತೆಗೆದುಕೊಂಡ ಸಮಯಕ್ಕಿಂತ ಇದು 16 ಸೆಕೆಂಡು ಕಡಿಮೆ. ಎಂಜಿನ್ ಅದೇ 5.7 ಲೀಟರಿನ ವಿ10. ಶಕ್ತಿಯೂ ಅದೇ 612 ಅಶ್ವಶಕ್ತಿ. ಹೊಸದೆಂದರೆ ಮಿಶೆಲಿನ್ ಕಂಪನಿ ಈ ಕಾರಿಗೆಂದೇ ಮಾಡಿಕೊಟ್ಟ ಪೈಲಟ್ ಸ್ಪೋರ್ಟ್ ಕಪ್ 2 ಟೈರು. ಪ್ರಾಯದಲ್ಲಿ ಓಡಿದ್ದಕ್ಕಿಂತ ಜೋರಾಗಿ ಆ ಕಾರು ಮುಪ್ಪಿನಲ್ಲಿ ಓಡಿತು.

ಹದಿನಾರು ಸೆಕೆಂಡು ಪತ್ರಿಕೆಗಳಿಗೆ ಸುದ್ದಿ. ಆ ಕಾರಿನ ಮಾಲೀಕರಿಗೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇತ್ತು. ಕರೇರಾ ಜಿಟಿ ಎಂದರೆ ದೊಡ್ಡ ದೊಡ್ಡ ಚಾಲಕರೂ ಹುಷಾರಾಗಿ ಕೂರುತ್ತಿದ್ದ ಕಾರು. ಜಾರಿದ ಕಾರನ್ನು ಕಂಪ್ಯೂಟರ್ ಮೂಲಕ ನೇರಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಅದರಲ್ಲಿಲ್ಲ. ಬ್ರಿಟನ್ನಿನ 'ಟಾಪ್ ಗೇರ್' ಕಾರ್ಯಕ್ರಮದ ಮುಖವಾಡದ ಚಾಲಕ ಸ್ಟಿಗ್ ಕೂಡ ಅದನ್ನು ಬುಗುರಿಯಂತೆ ತಿರುಗಿಸಿಬಿಟ್ಟಿದ್ದ. ಅಮೆರಿಕದ ಟಿವಿ ನಿರೂಪಕ, ಕಾರುಗಳ ಹುಚ್ಚಿನ ಜೇ ಲೆನೊ ಟ್ಯಾಲಡೇಗಾ ಟ್ರ್ಯಾಕಿನಲ್ಲಿ ಅತಿವೇಗದಲ್ಲಿ ಹೋಗುವಾಗ ಕಾರು ಗಿರ್ರನೆ ಸುತ್ತಿತು. ಪುಣ್ಯಕ್ಕೆ ಗೋಡೆಗೆ ಬಡಿಯಲಿಲ್ಲ. ಆ ಕಾರಿಗೆ ಹಿಡಿತ ಕಡಿಮೆ ಇದೆ ಎಂದು ಯಾರೂ ದೂರಲಿಲ್ಲ. ಹಿಡಿತ ಧಾರಾಳವಾಗಿತ್ತು. ಆದರೆ ಅದು ತಪ್ಪುವ ಹೊತ್ತಿಗೆ ಮುನ್ಸೂಚನೆ ಸಿಗುತ್ತಿರಲಿಲ್ಲ ಎಂಬುದೇ ಎಲ್ಲರ ಅನುಭವ. ಹೊಸ ಟೈರು ಆ ಕೊರತೆ ನೀಗಿಸಿತು ಎಂಬುದೇ ಮಾಲೀಕರಿಗೆ ದೊಡ್ಡ ಸುದ್ದಿ.

ಸ್ಪೋರ್ಟ್ಸ್ ಕಾರಿನ ಟೈರಿನ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಚರ್ಚೆ ಹೋಗುವುದು ಬ್ರ್ಯಾಂಡು, ಬೆಲೆ, ಅಗಲದ ಕಡೆಗೆ. ಟ್ರ್ಯಾಕಿನಲ್ಲಿ ಪಳಗಿದವರು ಬೇರೆಯದನ್ನೇ ಕೇಳುತ್ತಾರೆ. ಈ ಟೈರು ಎಷ್ಟು ಹಿಡಿಯುತ್ತದೆ ಎಂಬುದು ಅವರಿಗೆ ಎರಡನೇ ಪ್ರಶ್ನೆ. ಬಿಡುವ ಮೊದಲು ಹೇಳುತ್ತದೋ ಇಲ್ಲವೋ ಎಂಬುದು ಮೊದಲನೆಯದು.

ಈ 'ಹೇಳುವುದು' ಎಂಬುದು ಕವಿಸಮಯವಲ್ಲ, ಭೌತಶಾಸ್ತ್ರ. ಒಂದೂವರೆ ಟನ್ ತೂಕದ ಕಾರಿನಲ್ಲಿ ಪ್ರತಿ ಚಕ್ರದ ಮೇಲೂ ಸುಮಾರು 375 ಕಿಲೋ ಭಾರ. ಟೈರಿನ ಗಾಳಿಯ ಒತ್ತಡ 33 ಪಿಎಸ್‌ಐ ಇದ್ದರೆ, ಭಾರವನ್ನು ಒತ್ತಡದಿಂದ ಭಾಗಿಸಿ ನೋಡಿ: ರಸ್ತೆಗೆ ತಾಗುವ ಜಾಗ 160 ಚದರ ಸೆಂಟಿಮೀಟರ್ ಆಸುಪಾಸು, ಒಂದು ಅಂಗೈಯಷ್ಟು. ಕೋಟಿಗಟ್ಟಲೆ ಬೆಲೆಯ ಕಾರಿಗೂ ನೆಲದ ಜೊತೆಗಿರುವ ನಂಟು ಇಷ್ಟೇ, ನಾಲ್ಕು ಅಂಗೈ. ಅಗಲದ ಟೈರು ಹಾಕಿದರೆ ಈ ಜಾಗ ಹಿಗ್ಗುತ್ತದೆಂದು ಹಲವರು ತಿಳಿದಿದ್ದಾರೆ. ಗಾಳಿಯ ಒತ್ತಡ ಅಷ್ಟೇ ಇದ್ದರೆ ಅದು ಹೆಚ್ಚೇನೂ ಹಿಗ್ಗದು, ಆಕಾರ ಬದಲಾಗುತ್ತದೆ. ಉದ್ದುದ್ದಕ್ಕೆ ಇದ್ದದ್ದು ಅಡ್ಡಡ್ಡ ಆಗುತ್ತದೆ. ತಿರುವಿನಲ್ಲಿ ಅನುಕೂಲವಾಗುವುದು ಆ ಅಡ್ಡ ಆಕಾರ, ಮತ್ತು ಶಾಖ ಹಂಚಿಹೋಗಲು ಸಿಗುವ ಹೆಚ್ಚು ರಬ್ಬರು.

ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಮುಖ ಮಾಡಿದ ದಿಕ್ಕು ಒಂದು, ಕಾರು ನಿಜವಾಗಿ ಸಾಗುವ ದಿಕ್ಕು ಇನ್ನೊಂದು. ಎರಡರ ನಡುವಿನ ಕೋನ ಹೆಚ್ಚುತ್ತ ಹೋದ ಹಾಗೆ ಹಿಡಿತವೂ ಹೆಚ್ಚುತ್ತ ಒಂದು ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಮನೆ ಬಳಕೆಯ ಕಾರಿನ ಟೈರಿನಲ್ಲಿ ಆ ತುದಿ ಗುಡ್ಡದ ನೆತ್ತಿಯ ಹಾಗೆ ದುಂಡಗೆ. ದಾಟಿದರೂ ಇಳಿಜಾರು ನಿಧಾನ. ಟೈರು ಕಿರ್ರೆನ್ನುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಕಾಲು ತೆಗೆಯಲು ಪುರುಸೊತ್ತು ಸಿಗುತ್ತದೆ. ರೇಸಿನ ಹತ್ತಿರಹತ್ತಿರಕ್ಕೆ ಬರುವ ಅಂಟು ರಬ್ಬರಿನ ಟೈರಿನಲ್ಲಿ ತುದಿ ಇನ್ನೂ ಎತ್ತರದಲ್ಲಿದೆ, ಆದರೆ ಮೊನಚು. ಅಲ್ಲಿಗೆ ತಲುಪುವಷ್ಟರಲ್ಲಿ ವೇಗವೂ ಹೆಚ್ಚಿರುತ್ತದೆ. ಬಿದ್ದರೆ ಎತ್ತರದಿಂದಲೇ ಬೀಳಬೇಕು.

ಟೊಯೊಟಾ ಕಂಪನಿಯ ಮುಖ್ಯ ಎಂಜಿನಿಯರ್ ತೆತ್ಸುಯಾ ತಾಡಾ ಇದನ್ನು ತಲೆಕೆಳಗು ಮಾಡಿ ತೋರಿಸಿದರು. 2012ರಲ್ಲಿ ಅವರ ತಂಡ ಜಿಟಿ86 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಂದಿತು. ಶಕ್ತಿ 200 ಅಶ್ವಶಕ್ತಿ. ಅದಕ್ಕೆ ಹಾಕಿದ ಟೈರು ಮಿಶೆಲಿನ್ ಪ್ರೈಮಸಿ ಎಚ್‌ಪಿ, ಕೇವಲ 215 ಮಿಲಿಮೀಟರ್ ಅಗಲದ್ದು; ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿಗೂ ಇದೇ ಟೈರು ಸಿಗುತ್ತಿತ್ತು. ಸ್ಪೋರ್ಟ್ಸ್ ಕಾರಿಗೆ ಸಂಸಾರಸ್ಥರ ಟೈರೇ ಎಂದು ಮೂಗು ಮುರಿದವರು ಬಹಳ. ಓಡಿಸಿದ ಮೇಲೆ ಅವರಲ್ಲಿ ಅನೇಕರು ಸುಮ್ಮನಾದರು. ಹಿಡಿತ ಕಡಿಮೆಯಿದ್ದದ್ದರಿಂದ ಕಾರು ಸಾಧಾರಣ ವೇಗದಲ್ಲೇ ಹಿಂಬದಿಯನ್ನು ಮೆಲ್ಲಗೆ ಆಡಿಸುತ್ತಿತ್ತು, ಚಾಲಕ ಅದನ್ನು ಸ್ಟೀರಿಂಗಿನಲ್ಲಿ ಸರಿಪಡಿಸುತ್ತ ಹೋಗಬಹುದಿತ್ತು. ಕೊಂಡ ವಾರದಲ್ಲೇ ಅಗಲದ ಅಂಟು ಟೈರು ಹಾಕಿಸಿದವರೂ ಇದ್ದರು. ಅವರ ಕಾರು ಟ್ರ್ಯಾಕಿನಲ್ಲಿ ಬೇಗ ಸುತ್ತಿತು, ನಿಜ. ಆದರೆ ಆಟ ಹೋಯಿತು. ನನ್ನನ್ನು ಕೇಳಿದರೆ ಈ ಇಪ್ಪತ್ತು ವರ್ಷಗಳಲ್ಲಿ ಯಾವುದೇ ಕಾರು ಕಂಪನಿ ಟೈರಿನ ವಿಚಾರದಲ್ಲಿ ತೆಗೆದುಕೊಂಡ ಅತ್ಯಂತ ಧೈರ್ಯದ ತೀರ್ಮಾನ ಅದು. ಅಗಲದ ಟೈರು ಶೋರೂಮಿನಲ್ಲಿ ಕಾರು ಮಾರುತ್ತದೆ. ಸಣ್ಣ ಟೈರು ಹಾಕಿ ಮಾರಲು ಎದೆಗಾರಿಕೆ ಬೇಕು.

ಅಂಟು ಟೈರುಗಳಿಗೆ ತಮ್ಮದೇ ರೀತಿ ರಿವಾಜು ಇದೆ. ಹೊಸ ಟೈರು ಹಾಕಿಸಿಕೊಂಡು ಅಂಗಡಿಯಿಂದ ಹೊರಟವನಿಗೆ ಮೊದಲ ತಿರುವಿನಲ್ಲೇ ಕಾರು ಜಾರಿದ ಅನುಭವ ಆಗಬಹುದು. ಅಚ್ಚಿನಿಂದ ಟೈರು ಬಿಡಿಸಿಕೊಳ್ಳಲು ಬಳಸುವ ಜಾರು ಪದಾರ್ಥದ ಪಸೆ ಮೇಲೆ ಉಳಿದಿರುತ್ತದೆ. ಒಂದಿಷ್ಟು ದೂರ ಸಮಾಧಾನದಿಂದ ಓಡಿಸಿ ಅದನ್ನು ಸವೆಸಬೇಕು. ಬಿಸಿಯಾದ ಮೇಲೆ ರಬ್ಬರು ರಸ್ತೆಯ ಕಲ್ಲುಗಳನ್ನೆಲ್ಲ ಅಂಟಿಸಿಕೊಂಡು ಮಡ್‌ಗಾರ್ಡಿನ ಒಳಗೆ ಪಟಪಟ ಹೊಡೆಯುತ್ತದೆ. ಮೊದಲ ಸಲ ಕೇಳಿದವರು ಏನೋ ಕಳಚಿತು ಎಂದು ಕಾರು ನಿಲ್ಲಿಸುತ್ತಾರೆ. ಲಾರಿಗಳು ಓಡಾಡಿ ತಗ್ಗು ಬಿದ್ದ ರಸ್ತೆಯಲ್ಲಿ ಅಗಲದ ಮುಂದಿನ ಟೈರುಗಳು ಆ ತಗ್ಗಿನ ಜಾಡನ್ನೇ ಹುಡುಕಿಕೊಂಡು ಸ್ಟೀರಿಂಗನ್ನು ಎಳೆದಾಡುತ್ತವೆ. ಇನ್ನು ಸವೆತ. ಅಮೆರಿಕದ ನಿಯಮದಂತೆ ಟೈರಿನ ಪಕ್ಕದಲ್ಲಿ ಸವೆತದ ಅಂಕಿ ಅಚ್ಚಾಗಿರುತ್ತದೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರಿಗೆ 300, ಕಪ್ 2ಗೆ 180, ಪಿರೆಲ್ಲಿಯ ಪಿ ಝೀರೋ ಟ್ರೋಫಿಯೋ ಆರ್‌ಗೆ 60. ಅಂಕಿ ಕಡಿಮೆಯಾದಷ್ಟೂ ಜೇಬು ಬೇಗ ಖಾಲಿ.

ಚಳಿ ಈ ಟೈರುಗಳ ದೊಡ್ಡ ಶತ್ರು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ರಬ್ಬರು ಗಟ್ಟಿಯಾಗುತ್ತ ಹಿಡಿತ ಕಳೆದುಕೊಳ್ಳುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಕಾರನ್ನು ಪಾರ್ಕಿಂಗಿನಿಂದ ತೆಗೆಯುವಾಗ ಮುಂದಿನ ಚಕ್ರಗಳು ಬಾಗದೆ ಕುಪ್ಪಳಿಸುತ್ತ ದಡದಡ ಸದ್ದು ಮಾಡುತ್ತವೆ. ಎಷ್ಟೋ ಮಾಲೀಕರು ಗೇರ್‌ಬಾಕ್ಸ್ ಕೆಟ್ಟಿತೆಂದು ಸರ್ವಿಸ್ ಸೆಂಟರಿಗೆ ಓಡಿದ್ದುಂಟು. ಸ್ಟುಟ್‌ಗಾರ್ಟ್, ಮ್ಯೂನಿಕ್‌ಗಳಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಎಂಜಿನಿಯರುಗಳನ್ನು ಕೇಳಿ, ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬ ಅಲ್ಲಿನ ಲೆಕ್ಕ ಅವರಿಗೆ ಬಾಯಿಪಾಠ. ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರಿಲ್ಲದೆ ಓಡಿಸಿದರೆ ಜರ್ಮನಿಯಲ್ಲಿ 2010ರಿಂದ ದಂಡವೂ ಇದೆ. ಕರ್ನಾಟಕದ ಬಯಲುಸೀಮೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಕಷ್ಟವಿಲ್ಲ. ನಮ್ಮ ಕಷ್ಟಗಳು ಬೇರೆ ಜಾತಿಯವು, ಮುಂದೆ ಬರುತ್ತವೆ.

ಒಂದು ಟೈರು ಏನೆಲ್ಲ ತಡೆಯಬೇಕು ಎಂಬುದಕ್ಕೆ ಬುಗಾಟ್ಟಿಯಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. 2005ರಲ್ಲಿ ಬಂದ ವೇರಾನ್ ಕಾರು ಗಂಟೆಗೆ 407 ಕಿ.ಮೀ. ಮುಟ್ಟುತ್ತಿತ್ತು. ಆ ವೇಗದಲ್ಲಿ ಟೈರುಗಳ ಆಯಸ್ಸು ಹದಿನೈದೇ ನಿಮಿಷ, ಆದರೆ ಪೆಟ್ರೋಲು ಹನ್ನೆರಡು ನಿಮಿಷಕ್ಕೇ ಮುಗಿಯುವುದರಿಂದ ಭಯವಿಲ್ಲ ಎಂಬ ಮಾತು ಆಗ ಲೋಕಪ್ರಸಿದ್ಧವಾಯಿತು. 2019ರ ಆಗಸ್ಟಿನಲ್ಲಿ ಅದೇ ಕಂಪನಿಯ ಶಿರಾನ್ ಕಾರಿನಲ್ಲಿ ಆ್ಯಂಡಿ ವಾಲೇಸ್ ಜರ್ಮನಿಯ ಎರಾ-ಲೆಸಿಯನ್ ಪರೀಕ್ಷಾ ಟ್ರ್ಯಾಕಿನಲ್ಲಿ 490.484 ಕಿ.ಮೀ. ವೇಗ ದಾಖಲಿಸಿದರು. ವಾಲೇಸ್ ಸಾಮಾನ್ಯರಲ್ಲ. 1988ರಲ್ಲಿ ಜಾಗ್ವಾರ್ ತಂಡದಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದವರು, 1998ರಲ್ಲಿ ಇದೇ ಟ್ರ್ಯಾಕಿನಲ್ಲಿ ಮೆಕ್‌ಲಾರೆನ್ ಎಫ್1 ಕಾರನ್ನು 386 ಕಿ.ಮೀ. ವೇಗಕ್ಕೆ ಒಯ್ದವರು. ಶಿರಾನ್‌ಗೆ ಹಾಕಿದ ಮಿಶೆಲಿನ್ ಟೈರುಗಳನ್ನು ಮೊದಲೇ 511 ಕಿ.ಮೀ. ವೇಗಕ್ಕೆ ಪರೀಕ್ಷಾ ಯಂತ್ರದಲ್ಲಿ ತಿರುಗಿಸಿ ನೋಡಿದ್ದರು. ಒಳಗಿನ ತಂತಿಗಳು ಒಂದಕ್ಕೊಂದು ತಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಒಂದೊಂದಕ್ಕೂ ಎಕ್ಸ್-ರೇ ತೆಗೆದಿದ್ದರು. 490 ಕಿ.ಮೀ. ವೇಗದಲ್ಲಿ ಟೈರಿನ ಹೊರಮೈಯ ಒಂದೇ ಒಂದು ಗ್ರಾಂ ರಬ್ಬರು ಐದು ಕಿಲೋಗೂ ಮೀರಿದ ಬಲದಿಂದ ಹೊರಕ್ಕೆ ಸೆಳೆಯುತ್ತದೆ. ಟ್ರ್ಯಾಕಿನಲ್ಲಿ ಹಳೆಯ ಡಾಂಬರು ಮುಗಿದು ಹೊಸದು ಶುರುವಾಗುವ ಜಾಗವೊಂದಿದೆ. ನೋಡಲು ಏನೂ ಅಲ್ಲದ ಆ ಸಂದಿನಲ್ಲಿ 440 ಕಿ.ಮೀ. ಮೀರಿದ ವೇಗದಲ್ಲಿ ಕಾರು ನೆಗೆಯುತ್ತಿತ್ತು ಎಂದು ವಾಲೇಸ್ ಆಮೇಲೆ ವಿವರಿಸಿದ್ದರು. ನೆಗೆದು ಇಳಿಯುವ ಆ ಕ್ಷಣದಲ್ಲಿ ಚಾಲಕ ಮಾಡಬಹುದಾದದ್ದು ಬಹಳ ಕಡಿಮೆ, ನೆಚ್ಚಬೇಕಾದದ್ದು ಎಕ್ಸ್-ರೇ ತೆಗೆದ ರಬ್ಬರನ್ನೇ.

ಟೈರು ತಯಾರಕರ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2005ರ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ಲಕ್ಷ ಜನ ಕೂತು ನೋಡಿದರು. ಅದು ಫಾರ್ಮುಲಾ ಒನ್ ರೇಸು, ಸ್ಪೋರ್ಟ್ಸ್ ಕಾರಿನದ್ದಲ್ಲ. ಆದರೂ ಇಲ್ಲಿ ಹೇಳಲೇಬೇಕು. ಅಲ್ಲಿನ 13ನೇ ತಿರುವು ಓರೆಯಾದ ಗೋಡೆಯಂಥ ವೇಗದ ತಿರುವು. ಶುಕ್ರವಾರದ ಅಭ್ಯಾಸದಲ್ಲೇ ರಾಲ್ಫ್ ಶೂಮಾಕರ್ ಕಾರಿನ ಎಡ ಹಿಂಬದಿಯ ಟೈರು ಅಲ್ಲಿ ಕೈಕೊಟ್ಟಿತು. ರೇಸಿನ ದೂರವನ್ನೆಲ್ಲ ತಮ್ಮ ಟೈರು ತಾಳುತ್ತದೆಂದು ಹೇಳಲಾರೆವು ಎಂದು ಮಿಶೆಲಿನ್ ಒಪ್ಪಿಕೊಂಡಿತು. ರೇಸಿನ ನಡುವೆ ಟೈರು ಬದಲಿಸುವಂತಿಲ್ಲ ಎಂಬುದು ಆ ವರ್ಷದ ನಿಯಮ. ಭಾನುವಾರ ಮಿಶೆಲಿನ್ ಹಾಕಿದ್ದ ಹದಿನಾಲ್ಕು ಕಾರುಗಳೂ ಸಾಲು ನಿಲ್ಲುವ ಮೊದಲ ಸುತ್ತು ಮುಗಿಸಿ ನೇರ ಒಳಗೆ ಹೋಗಿಬಿಟ್ಟವು. ಬ್ರಿಜ್‌ಸ್ಟೋನ್ ಹಾಕಿದ್ದ ಆರೇ ಆರು ಕಾರು ಓಡಿದವು. ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಆ ಆರರಲ್ಲಿ ಒಬ್ಬರು. ನಾಲ್ಕನೆಯವರಾಗಿ ಬಂದು ಐದು ಅಂಕ ಗಳಿಸಿದರು. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬ ಗಳಿಸಿದ ಮೊದಲ ಅಂಕಗಳು ಅವು. ಅವರ ಸಾಧನೆಯನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಓಡಿದವರು ಅವರು, ಮುಗಿಸಿದವರೂ ಅವರು.

ನಮ್ಮ ಕಡೆಯವರಿಗೆ ಟ್ರ್ಯಾಕ್ ಎಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ ಇರುಂಗಾಟ್ಟುಕೋಟ್ಟೈ ದಾರಿಯಲ್ಲೇ ಸಿಗುತ್ತದೆ. ಟ್ರ್ಯಾಕ್ ದಿನಗಳಂದು ಕೆಎ ನಂಬರಿನ ಕಾರುಗಳಿಗೆ ಅಲ್ಲಿ ಕೊರತೆಯಿಲ್ಲ. ಅಲ್ಲಿನ ಪಿಟ್ ಲೇನಿನಲ್ಲಿ ಎಂಜಿನ್ ಮಾತಿಗಿಂತ ಹೆಚ್ಚು ಕಿವಿಗೆ ಬೀಳುವುದು ಗಾಳಿಯ ಮಾತು. 'ಹಾಟ್ ಎಷ್ಟಿದೆ?' 'ಮೂವತ್ತಾರು.' 'ಎರಡು ಇಳಿಸು.' ಚೆನ್ನೈ ಬಿಸಿಲಿಗೆ ಡಾಂಬರು ಕಾದು, ಬ್ರೇಕಿನ ಶಾಖವೂ ಸೇರಿ ಟೈರು 30 ಡಿಗ್ರಿಯಿಂದ 90ಕ್ಕೆ ಏರಿತೆನ್ನಿ. ತಣ್ಣಗಿದ್ದಾಗ 28 ಪಿಎಸ್‌ಐ ಇದ್ದದ್ದು 36ರ ಮೇಲೆ ಹೋಗುತ್ತದೆ. ಟೈರಿನ ನಡುಭಾಗ ಉಬ್ಬಿ, ಅಂಚುಗಳು ನೆಲ ಬಿಟ್ಟು, ಮೂರನೇ ಸುತ್ತಿಗೆ ಕಾರು ಮೊದಲಿನ ಹಾಗೆ ತಿರುಗುವುದಿಲ್ಲ. ಹೊಸಬರು ಇದನ್ನು ತಮ್ಮ ತಪ್ಪೆಂದುಕೊಂಡು ಇನ್ನೂ ಜೋರಾಗಿ ಸ್ಟೀರಿಂಗ್ ತಿರುಗಿಸುತ್ತಾರೆ. ಹಳಬರು ಒಳಗೆ ಬಂದು ಗಾಳಿ ಇಳಿಸುತ್ತಾರೆ. ಸಂಜೆ ವಾಪಸ್ ಹೊರಡುವಾಗ ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸದೆ ಹೆದ್ದಾರಿಗೆ ಬರುವವರೂ ಇದ್ದಾರೆ. ಟೈರು ತಣ್ಣಗಾದ ಮೇಲೆ ಒತ್ತಡ ಮೊದಲಿನ 28ಕ್ಕಿಂತಲೂ ಕೆಳಗೆ ಕುಸಿದಿರುತ್ತದೆ. ಟ್ರ್ಯಾಕಿಗಿಂತ ಹೆಚ್ಚು ಅಪಾಯ ಆ ವಾಪಸ್ ದಾರಿಯಲ್ಲಿದೆ.

ಮತ್ತೆ ನಮ್ಮ ರಸ್ತೆಗಳು. ಸಾಧಾರಣ ಕಾರಿನ 165/80 ಆರ್14 ಟೈರಿನಲ್ಲಿ ರಿಮ್ಮಿನಿಂದ ನೆಲಕ್ಕೆ 132 ಮಿಲಿಮೀಟರ್ ರಬ್ಬರಿನ ಗೋಡೆ ಇರುತ್ತದೆ. 245/35 ಆರ್20 ಟೈರಿನಲ್ಲಿ ಅದು 86. ಬೆಂಗಳೂರಿನ ಗುಂಡಿಯ ಅಂಚಿಗೆ ಬಡಿದಾಗ ಗೋಡೆ ಪೂರ್ತಿ ಮಡಚಿ ರಿಮ್ಮಿಗೂ ಗುಂಡಿಗೂ ನಡುವೆ ಜಜ್ಜಿಹೋಗುತ್ತದೆ; ಒಳಗಿನ ದಾರಗಳು ತುಂಡಾಗಿ ಹೊರಗೆ ಬಬ್ಬಲ್ ಏಳುತ್ತದೆ. ಬಬ್ಬಲ್ ಬಂದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ಇಂಥ ಕಾರುಗಳಲ್ಲಿ ಸ್ಟೆಪ್ನಿ ಕೂಡ ಇರುವುದಿಲ್ಲ. ಫ್ಲಾಟ್‌ಬೆಡ್ ಲಾರಿಗೆ ಫೋನು ಮಾಡಿ ಕಾಯಬೇಕು.

ಬದಲಿ ಟೈರು ಸಿಗುವುದೂ ಸಲೀಸಲ್ಲ. 2020ರ ಜೂನ್ 12ರಂದು ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿತು; ತರಿಸಲು ಲೈಸೆನ್ಸ್ ಬೇಕು. ದೇಶೀ ಕಾರ್ಖಾನೆಗಳನ್ನು ಕಾಯುವುದು ಅದರ ಉದ್ದೇಶ. ಮೈಸೂರಿನ ವಿಕ್ರಾಂತ್ ಟೈರ್ ಕಂಪನಿಯ ಹೆಸರು ಕೇಳಿ ಬೆಳೆದವರಿಗೆ, 1997ರಲ್ಲಿ ಅದು ಜೆಕೆ ಟೈರ್ ಕೈಸೇರಿದ್ದನ್ನು ಕಂಡವರಿಗೆ, ಆ ಉದ್ದೇಶದಲ್ಲಿ ತಪ್ಪೇನೂ ಕಾಣದು. ನನಗೂ ಕಾಣುವುದಿಲ್ಲ. ಆದರೆ 335 ಮಿಲಿಮೀಟರ್ ಅಗಲದ, 20 ಅಂಗುಲ ರಿಮ್ಮಿನ, ಒಂದೇ ಮಾದರಿಗೆ ಹೊಂದುವ ಟೈರನ್ನು ಇಲ್ಲಿ ಯಾವ ಕಾರ್ಖಾನೆಯೂ ಮಾಡುವಷ್ಟು ಗಿರಾಕಿಗಳಿಲ್ಲ. ಪೋರ್ಷೆ ಒಪ್ಪಿದ ಟೈರಿಗೆ ಎನ್0, ಎನ್1 ಎಂಬ ಗುರುತು, ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ. ಒಂದೇ ಹೆಸರಿನ ಟೈರಿನಲ್ಲೂ ಒಳಗಿನ ಕಟ್ಟಡ ಬೇರೆ ಬೇರೆ. ಹಾಗಾಗಿ ಸಿಕ್ಕಿದ್ದನ್ನು ಹಾಕಿಸಿಕೊಳ್ಳುವವರು, ಹಿಂದೆ ಒಂದು ಕಂಪನಿ ಮುಂದೆ ಒಂದು ಕಂಪನಿ ಹಾಕಿಸುವವರು, ಎಲ್ಲಕ್ಕಿಂತ ಹೆಚ್ಚಾಗಿ ಹಳೆಯದನ್ನೇ ಎಳೆದಾಡಿಸುವವರು ಹೆಚ್ಚಿದ್ದಾರೆ.

ಮಳೆಗಾಲದಲ್ಲಿ ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಕಪ್ ಜಾತಿಯ ಟೈರಿನಲ್ಲಿ ಹೊಸದಿರುವಾಗಲೇ ನೀರು ಹರಿಯುವ ತೋಡುಗಳು ಕಡಿಮೆ, ಆಳವೂ ಕಡಿಮೆ. ಸವೆದು ಬೋಳಾದ ಟೈರು ನಿಂತ ನೀರಿನ ಮೇಲೆ ತೇಲಲು ಶುರುಮಾಡುವ ವೇಗಕ್ಕೆ ಒಂದು ಸೂತ್ರವಿದೆ. ವಿಮಾನಗಳ ಚಕ್ರಗಳನ್ನು ಅಭ್ಯಾಸ ಮಾಡಿ ಕಂಡುಕೊಂಡದ್ದು. ಅದರಂತೆ 33 ಪಿಎಸ್‌ಐ ಗಾಳಿಯಿರುವ ಟೈರು ಗಂಟೆಗೆ 96 ಕಿ.ಮೀ. ಹೊತ್ತಿಗೆ ನೆಲದ ನಂಟು ಕಳೆದುಕೊಳ್ಳುತ್ತದೆ. ಏರ್‌ಪೋರ್ಟ್ ರಸ್ತೆಯಲ್ಲಿ ಸಾಧಾರಣ ಟ್ಯಾಕ್ಸಿ ಓಡುವ ವೇಗ ಅದು. ಕಾನೂನಿನ ಕನಿಷ್ಠ ಆಳ 1.6 ಮಿಲಿಮೀಟರ್ ಇದೆ ಎಂದು ಸಮಾಧಾನಪಟ್ಟುಕೊಳ್ಳುವವರಿಗೆ ಹೇಳಬೇಕಾದದ್ದು: ಅಗಲದ ಟೈರಿನಲ್ಲಿ ಆ 1.6 ಮಳೆಗೆ ಸಾಲದು.

ಕೊನೆಗೆ ವಯಸ್ಸು. ಕರೇರಾ ಜಿಟಿಯ ಹೆಸರು ಕಾರುಗಳ ಗಂಧವಿಲ್ಲದವರಿಗೂ ತಲುಪಿದ್ದು 2013ರ ನವೆಂಬರ್ 30ರಂದು. 'ಫಾಸ್ಟ್ ಆ್ಯಂಡ್ ಫ್ಯೂರಿಯಸ್' ಸಿನಿಮಾಗಳ ನಟ ಪಾಲ್ ವಾಕರ್ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಅದೇ ಮಾದರಿಯ ಕಾರಿನಲ್ಲಿ ಸತ್ತರು. ಓಡಿಸುತ್ತಿದ್ದ ಗೆಳೆಯರೂ ಉಳಿಯಲಿಲ್ಲ. ಗಂಟೆಗೆ 45 ಮೈಲಿಯ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು, ಅಪಘಾತಕ್ಕೆ ಆ ವೇಗವೇ ಕಾರಣ ಎಂದು ಪೊಲೀಸ್ ತನಿಖೆ ಹೇಳಿತು. ಅದೇ ತನಿಖೆ ಇನ್ನೊಂದನ್ನೂ ದಾಖಲಿಸಿತು: ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು. ಸ್ಪೋರ್ಟ್ಸ್ ಕಾರುಗಳ ದೌರ್ಭಾಗ್ಯವೇ ಇದು. ಅವು ಓಡುವುದಕ್ಕಿಂತ ಗ್ಯಾರೇಜಿನಲ್ಲಿ ನಿಲ್ಲುವುದು ಹೆಚ್ಚು. ಟೈರಿನ ತೋಡುಗಳು ಆಳವಾಗಿಯೇ ಇರುತ್ತವೆ, ಕಪ್ಪಗೆ ಮಿನುಗುತ್ತವೆ, ಮಾಲೀಕನಿಗೆ ಹೊಸದೆಂಬ ಭ್ರಮೆ. ಒಳಗೆ ರಬ್ಬರು ಗಾಳಿಯ ಆಮ್ಲಜನಕಕ್ಕೂ ಶಾಖಕ್ಕೂ ಒಣಗುತ್ತ ಗಡುಸಾಗಿರುತ್ತದೆ. ಅಂಥ ಟೈರು ಹೇಳದೆ ಬಿಡುತ್ತದೆ.

ವಯಸ್ಸು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2419 ಎಂದಿದ್ದರೆ 2019ರ 24ನೇ ವಾರ ತಯಾರಾದದ್ದು. ಕೆಲವು ಟೈರುಗಳಲ್ಲಿ ಇದು ಕಾರಿನ ಒಳಬದಿಗೆ ಬಂದಿರುತ್ತದೆ, ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋಗುವವರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವ ಮೊದಲು ನಾಲ್ಕೂ ಚಕ್ರಗಳಲ್ಲಿ ಆ ಅಂಕಿ ಓದಿಕೊಳ್ಳಿ. ಆರು ವರ್ಷ ದಾಟಿದ್ದರೆ, ತೋಡು ಎಷ್ಟೇ ಆಳವಿರಲಿ, ಹೊಸ ಸೆಟ್ಟಿನ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆದೇ ಚೌಕಾಸಿಗೆ ಕೂರಿ.